ನೋಡದ ಗಾಡಿಗೆ ಕೊಟ್ಟ ಟೋಕನ್

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮ ಕಾಸರಗೋಡಿನಲ್ಲಿ ದನ ತರುವವರು ಏನು ಮಾಡುತ್ತಾರೆ? ಮಾರುವವರ ಹಟ್ಟಿಗೆ ಹೋಗುತ್ತಾರೆ. ಹಲ್ಲು ನೋಡುತ್ತಾರೆ, ಕೆಚ್ಚಲು ಮುಟ್ಟಿ ನೋಡುತ್ತಾರೆ, ಎರಡು ಹೊತ್ತು ಹಾಲು ಕರೆದು ನೋಡುತ್ತಾರೆ. ಅಡಿಕೆ ವ್ಯಾಪಾರಿಯೂ ಹಾಗೆಯೇ. ಗೋಣಿಯ ಅಡಿಗೆ ಕೈ ಹಾಕಿ ನಾಲ್ಕು ಅಡಿಕೆ ತೆಗೆಯುತ್ತಾನೆ. ತುಂಡು ಮಾಡಿ ಒಳಗನ್ನು ನೋಡಿದ ಮೇಲೆಯೇ ಇದು ಪಟೋರ, ಇದು ಕರಿಗೋಟು ಅನ್ನುತ್ತಾನೆ. ಇದನ್ನೆಲ್ಲ ಚಿಕ್ಕಂದಿನಿಂದ ನೋಡಿ ಬೆಳೆದ ನಾನು, ಕಣ್ಣಿಂದ ನೋಡದ ಗಾಡಿಯೊಂದಕ್ಕೆ 40,000 ರೂಪಾಯಿ ಟೋಕನ್, ಅಂದರೆ ಮುಂಗಡ, ಕಳುಹಿಸಿಬಿಟ್ಟೆ. ನಿಮ್ಮಲ್ಲಿ ಯಾರಾದರೂ ಈಗ ಫೋನಿನಲ್ಲಿ ಹಳೆಯ ಗಾಡಿ ಹುಡುಕುತ್ತಿದ್ದರೆ ದಯವಿಟ್ಟು ಸ್ವಲ್ಪ ಹೊತ್ತು ಕೇಳಿ.

ಬದಿಯಡ್ಕದ ಹತ್ತಿರ ನಮ್ಮ ತೋಟ. ತೋಟದ ಮೇಲಿನ ಗುಡ್ಡೆಯಲ್ಲಿ, ಗೇರುಮರಗಳ ನಡುವೆ ಒಂದಿಷ್ಟು ಸಮತಟ್ಟು ಜಾಗ ಇದೆ. ಬೇಕಲ ಕೋಟೆ, ಅನಂತಪುರದ ಕೆರೆಯೊಳಗಿನ ದೇವಸ್ಥಾನ ನೋಡಲು ಬರುವವರು ಅಲ್ಲಿ ಒಂದು ರಾತ್ರಿ ಉಳಿಯುವ ಹಾಗೆ ಮಾಡಬೇಕು ಅಂತ ನನಗೂ ಭಾವನಿಗೂ ಆಸೆ. ಮನೆ ಕಟ್ಟಿಸುವಷ್ಟು ಹಣವಿಲ್ಲ. ಆಗ ಫೋನಿನಲ್ಲಿ ಕಂಡದ್ದು ಈ ಟ್ರೈಲರ್. ಅಂದರೆ ಕಾರಿನ ಹಿಂದೆ ಕಟ್ಟಿ ಎಳೆಯುವ ಸಣ್ಣ ಮನೆ. ಒಳಗೆ ಎರಡು ಮಂಚ, ಅಡುಗೆಗೆ ಪುಟ್ಟ ಕಟ್ಟೆ, ಒಂದು ಮೂಲೆಯಲ್ಲಿ ಶೌಚಾಲಯ. ಫೋಟೋಗಳು ಬಹಳ ಚೆನ್ನಾಗಿದ್ದವು. ಬೆಲೆ ನಾಲ್ಕು ಲಕ್ಷ. ಗಾಡಿ ಇದ್ದದ್ದು ಎರ್ನಾಕುಳಂ ಕಡೆ.

ಭಾನುವಾರ ಬಂದು ನೋಡುತ್ತೇವೆ ಅಂದೆ. "ಇವತ್ತು ಸಂಜೆ ಇನ್ನೊಬ್ಬರು ಬರ್ತಾರೆ. ಈಗಲೇ ಟೋಕನ್ ಹಾಕಿದರೆ ನಿಮಗಾಗಿ ಇಡ್ತೇನೆ" ಅಂದರು ಮಾರುವವರು. ಅರ್ಧ ಗಂಟೆಯಲ್ಲಿ ಹಣ ಹಾಕಿದೆ. ಅದಕ್ಕೆ ರಶೀದಿ ಅಂತ ಸಿಕ್ಕಿದ್ದು ವಾಟ್ಸಾಪಿನಲ್ಲಿ ಒಂದು ಹೆಬ್ಬೆರಳಿನ ಚಿತ್ರ ಮಾತ್ರ.

ಶನಿವಾರ ರಾತ್ರಿ ರೈಲು ಹತ್ತಿದೆವು. ಗಾಡಿ ನಿಜಕ್ಕೂ ಇತ್ತು, ಫೋಟೋದಲ್ಲಿ ಕಂಡ ಹಾಗೆಯೇ ಇತ್ತು. ಹೊಸ ಪೈಂಟ್ ಹೊಳೆಯುತ್ತಿತ್ತು. ಬಾಗಿಲು ತೆಗೆದ ಕೂಡಲೇ ಗಾಢ ಪರಿಮಳ. ನನಗೆ ಖುಷಿಯಾಯಿತು. ಭಾವ ಮಾತ್ರ ಮೂಗು ಮುದುಡಿದರು. ಮುಚ್ಚಿಟ್ಟ ಅಟ್ಟದ ವಾಸನೆ ಅಡಿಯಲ್ಲಿ ಇದೆ ಅಂದರು. ಕಿಟಕಿಯ ಕೆಳಗಿನ ಮೂಲೆಗೆ ಹೋಗಿ ಹೆಬ್ಬೆರಳಿನಿಂದ ಗೋಡೆ ಒತ್ತಿದರು. ಬೆರಳು ಒಳಗೆ ಹೋಯಿತು. ಪೈಂಟಿನ ಸಿಪ್ಪೆ ಒಡೆದು ಒಳಗಿನ ಪ್ಲೈವುಡ್ ನೆನೆದ ಅವಲಕ್ಕಿಯ ಹಾಗೆ ಉದುರಿತು.

ಇಂಥ ಗಾಡಿಗಳ ದೊಡ್ಡ ಶತ್ರು ನೀರು. ಮಾಡಿನ ಅಂಚು, ಕಿಟಕಿಯ ಸುತ್ತ, ಮೇಲಿನ ಗಾಳಿಕಂಡಿ, ಇಲ್ಲೆಲ್ಲ ಸಂದುಗಳನ್ನು ಅಂಟು ಹಾಕಿ ಮುಚ್ಚಿರುತ್ತಾರೆ. ಬಿಸಿಲಿಗೆ ಆ ಅಂಟು ಒಣಗಿ ಬಿರಿಯುತ್ತದೆ. ಮಳೆನೀರು ಹನಿಹನಿಯಾಗಿ ಗೋಡೆಯೊಳಗೆ ಇಳಿಯುತ್ತದೆ. ಹೊರಗಿನ ತಗಡಿಗೂ ಫೈಬರಿಗೂ ಏನೂ ಆಗುವುದಿಲ್ಲ. ಒಳಗಿನ ಮರ ಮಾತ್ರ ಕುಂಬಾಗುತ್ತದೆ. ಅದು ಯಾವ ಫೋಟೋದಲ್ಲೂ ಕಾಣುವುದಿಲ್ಲ. ಕೈಯಲ್ಲಿ ಒತ್ತಿದರೆ ಗೊತ್ತಾಗುತ್ತದೆ, ನೆಲದ ಮೇಲೆ ನಡೆದರೆ ಗೊತ್ತಾಗುತ್ತದೆ, ಮೂಗಿಗೆ ಗೊತ್ತಾಗುತ್ತದೆ.

ಆಮೇಲೆ ನಡೆದದ್ದೇ ನನ್ನನ್ನು ಈಗಲೂ ಕಾಡುವುದು. ಆ ತೂತು ನೋಡಿ ನಾನು ಏನು ಹೇಳಿದೆ ಗೊತ್ತಾ? "ಇದು ಸಣ್ಣದು, ನಮ್ಮ ಆಚಾರಿಯವರ ಕೈಯಲ್ಲಿ ಸರಿ ಮಾಡಿಸಬಹುದು." ಟಯರಿನ ಬದಿಯಲ್ಲಿ 2314 ಅಂತ ಇತ್ತು. ಅಂದರೆ 2014ರ 23ನೇ ವಾರದಲ್ಲಿ ತಯಾರಾದ ಟಯರು. ಮೇಲ್ಮೈಯ ಗೀರುಗಳು ಸವೆದಿರಲಿಲ್ಲ, ಆದರೆ ರಬ್ಬರು ಬಿರಿದಿತ್ತು. ಅದಕ್ಕೂ ನಾನು "ಟಯರು ಬದಲಿಸಿದರಾಯ್ತು" ಅಂದೆ. ಮಾರುವವರು ಬಾಯಿ ತೆರೆಯಬೇಕಾಗಿಯೇ ಇರಲಿಲ್ಲ, ಅವರ ಪರವಾಗಿ ನಾನೇ ಮಾತಾಡುತ್ತಿದ್ದೆ. ಕೊನೆಗೆ ಭಾವ ನನ್ನನ್ನು ಹೊರಗೆ ಕರೆದು ಹೇಳಿದರು: "ಭಾವ, ನೀವು ಗಾಡಿ ನೋಡ್ತಾ ಇಲ್ಲ. ಆ ನಲವತ್ತು ಸಾವಿರ ನೋಡ್ತಾ ಇದ್ದೀರಿ."

ಹೌದು. ಹಣ ಕೊಟ್ಟ ಮೇಲೆ ನೋಡುವ ಕಣ್ಣೇ ಬೇರೆ.

ದಾಖಲೆ ಕೇಳಿದೆವು. ಟ್ರೈಲರಿಗೆ ಆರ್‌ಸಿ, ಅಂದರೆ ನೋಂದಣಿ ಪತ್ರ, ಇರಲಿಲ್ಲ. "ಎಳೆಯುವ ಕಾರಿಗೆ ಇದೆಯಲ್ಲ, ಸಾಕು" ಅಂದರು. ಸಾಕಾಗುವುದಿಲ್ಲ. 1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ ಟ್ರೈಲರ್ ಕೂಡ ಒಂದು ವಾಹನವೇ. ರಸ್ತೆಗೆ ಇಳಿಯಬೇಕಾದರೆ ಅದಕ್ಕೆ ಬೇರೆಯೇ ನೋಂದಣಿ ಬೇಕು. ಗಾಡಿ ಬೇಡ ಅಂದೆವು. ತಿಂಗಳುಗಟ್ಟಲೆ ಫೋನ್ ಮಾಡಿದ ಮೇಲೆ 15,000 ವಾಪಸ್ ಬಂತು. ಉಳಿದದ್ದು ಬರಲಿಲ್ಲ.

ಟೋಕನ್ ಕೊಡಲೇಬಾರದು ಅಂತ ನಾನು ಹೇಳುವುದಿಲ್ಲ. ದೂರದ ಊರಿಗೆ ಹೋಗುವಷ್ಟರಲ್ಲಿ ಗಾಡಿ ಮಾರಿಹೋದರೆ ಎಂಬ ಭಯ ಸುಳ್ಳಲ್ಲ. ಕೊಡುವುದಾದರೆ ಸಣ್ಣ ಮೊತ್ತ ಕೊಡಿ. ಹೋದರೂ ನಿದ್ದೆ ಕೆಡದಷ್ಟು. ಕೊಡುವ ಮೊದಲು ಈ ಮಾತನ್ನು ಬರೆದು ಕಳುಹಿಸಿ: "ಇಂಥ ನಂಬರಿನ ಗಾಡಿಗೆ ಇಷ್ಟು ರೂಪಾಯಿ ಟೋಕನ್. ಇಂಥ ತಾರೀಕಿನವರೆಗೆ ಬೇರೆಯವರಿಗೆ ಮಾರಬಾರದು. ನೋಡಿ ಒಪ್ಪದಿದ್ದರೆ, ಅಥವಾ ದಾಖಲೆ ಸರಿ ಇಲ್ಲದಿದ್ದರೆ, ಪೂರ್ತಿ ಹಣ ವಾಪಸ್." ಅವರು ಒಪ್ಪಿದೆ ಎಂದು ಅಕ್ಷರದಲ್ಲಿ ಬರೆಯಬೇಕು. ಹೆಬ್ಬೆರಳಿನ ಚಿತ್ರ ಬೇಡ. ಹೀಗೆ ಬರೆಯಲು ಹಿಂದೆ ಮುಂದೆ ನೋಡುವವರಿಗೆ ಹಣ ಹಾಕಬೇಡಿ.

ಗಡಿಯಲ್ಲಿರುವ ನಮಗೆ ಇನ್ನೊಂದು ತೊಡಕಿದೆ. ಕರಾರು ಮಲಯಾಳದಲ್ಲಿ ಬರುತ್ತದೆ. ಮಾತಾಡಲು ನಮಗೆ ಬರುತ್ತದೆ, ಓದಲು ಎಷ್ಟೋ ಜನರಿಗೆ ಬರುವುದಿಲ್ಲ. ನಾಚಿಕೆಪಡದೆ ಓದಿಸಿಕೊಳ್ಳಿ. ಮಕ್ಕಳೋ ಪಕ್ಕದ ಮನೆಯವರೋ ಓದಿ ಹೇಳಲಿ, ಆಮೇಲೆ ಸಹಿ. ತಲಪಾಡಿ ಗಡಿಯ ಆಚೆಯ, ಅಂದರೆ ಕರ್ನಾಟಕದ, ಗಾಡಿಯಾದರೆ ಅಲ್ಲಿನ ಆರ್‌ಟಿಒ ಕೊಡುವ ಎನ್‌ಒಸಿ, ಅಂದರೆ ಆಕ್ಷೇಪಣೆ ಇಲ್ಲ ಎಂಬ ಪತ್ರ (ಫಾರ್ಮ್ 28), ಬೇಕು. ಸಾಲದ ಗಾಡಿಯಾದರೆ ಸಾಲ ತೀರಿದ್ದಕ್ಕೆ ಫಾರ್ಮ್ 35 ಕೇಳಿ.

ಗಾಡಿಯೇ ಇಲ್ಲದ ವ್ಯಾಪಾರವೂ ಇದೆ. ಸೈನ್ಯದಲ್ಲಿದ್ದೇನೆ, ವರ್ಗ ಆಗಿದೆ, ಕಡಿಮೆಗೆ ಕೊಡ್ತೇನೆ ಅನ್ನುತ್ತಾರೆ. ನಂಬಬೇಡಿ. ಯುಪಿಐಯಲ್ಲಿ ಹಣ ಹಾಕುವ ಮೊದಲು ಎದುರಿನವರ ಹೆಸರು ಕಾಣುತ್ತದೆ. ಅದು ಆರ್‌ಸಿಯ ಹೆಸರೇ ಹೌದಾ ನೋಡಿ. ಮೋಸ ಹೋದದ್ದು ಗೊತ್ತಾದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಹಣ ಬೇರೆ ಖಾತೆಗಳಿಗೆ ಹರಿದುಹೋಗುವ ಮೊದಲು ತಡೆಯಲು ಸಾಧ್ಯವಾಗಬಹುದು.

ನಮ್ಮ ಆಸೆ ಇನ್ನೂ ಹೋಗಿಲ್ಲ. ಕಣ್ಣೂರಿನ ಹತ್ತಿರ ಒಂದು ಟ್ರೈಲರ್ ಇದೆ, ಅದಕ್ಕೆ ಆರ್‌ಸಿಯೂ ಇದೆ. ಈಗ ಆಟಿ ತಿಂಗಳು, ಮಳೆ ಬಿಡುತ್ತಿಲ್ಲ. ಮಾಡು ಸೋರುತ್ತದಾ ಅಂತ ನೋಡಲು ಇದಕ್ಕಿಂತ ಒಳ್ಳೆಯ ಕಾಲ ಇಲ್ಲ, ಅಲ್ವಾ? ಅವರೂ ಟೋಕನ್ ಕೇಳಿದರು. ನಾನು ಆ ಮಾತನ್ನು ಬರೆದು ಕಳುಹಿಸಿದೆ. ಎರಡು ಗಂಟೆ ಉತ್ತರ ಇರಲಿಲ್ಲ. ಆಮೇಲೆ ಬಂತು: "ಟೋಕನ್ ಬೇಡ. ಬಂದು ನೋಡಿ, ಮತ್ತೆ ಮಾತಾಡುವ."

ಭಾನುವಾರ ಬೆಳಗ್ಗಿನ ರೈಲಿಗೆ ಹೊರಡುತ್ತೇವೆ. ಈ ಸಲ ಆಚಾರಿಯವರೂ ಜೊತೆಗೆ ಬರುತ್ತಾರೆ.

ನಮಸ್ಕಾರ.