ಕೆಸರಿನ ಮುಂದೆ ಸುಮ್ಮನೆ ನಿಂತರೆ

ಕೇಳುಗರೆಲ್ಲರಿಗೂ ನಮಸ್ಕಾರ.

ಕಡಲೊಳಗೆ ಇಳಿದು ಬಂದವರನ್ನು ಜನ ಮೊದಲು ಕೇಳುವುದು ಒಂದೇ ಪ್ರಶ್ನೆ: ‘ಶಾರ್ಕ್ ಕಂಡಿತಾ?’ ಇಷ್ಟು ವರ್ಷ ಇದಕ್ಕೇ ಉತ್ತರ ಕೊಡುತ್ತ ಬಂದೆ. ಇವತ್ತು ಆಕಾಶವಾಣಿಯವರು ಹತ್ತು ನಿಮಿಷ ಕೊಟ್ಟಿದ್ದಾರೆ. ಶಾರ್ಕ್ ಮಾತು ಬೇಡ. ಹೆಬ್ಬೆರಳಿನಷ್ಟು, ಕೆಲವು ಸಲ ಉಗುರಿನಷ್ಟೇ ಇರುವ ಜೀವಿಗಳ ಬಗ್ಗೆ ಹೇಳುತ್ತೇನೆ. ಅವು ಇರುವುದು ರಾಡಿಯಲ್ಲಿ. ಅವನ್ನು ನೋಡಲಿಕ್ಕೆಂದೇ ಕೆಸರು ತಳಕ್ಕೆ ಇಳಿಯುವವರಿದ್ದಾರೆ, ಅದಕ್ಕೆ ಮಕ್ ಡೈವಿಂಗ್ ಅನ್ನುತ್ತಾರೆ. ಪಾಪುವಾ ನ್ಯೂಗಿನಿಯಲ್ಲಿ ಡೈವಿಂಗ್ ದೋಣಿ ನಡೆಸುತ್ತಿದ್ದ ಬಾಬ್ ಹಾಲ್‌ಸ್ಟೆಡ್ ಇಟ್ಟ ಹೆಸರು ಅದು.

ನನಗೆ ಹೇಳಲಿಕ್ಕಿರುವುದು ಒಂದೇ ಮಾತು, ಮೊದಲೇ ಹೇಳಿಬಿಡುತ್ತೇನೆ. ಓಡಾಡಬೇಡಿ. ಒಂದೇ ಕಡೆ ನಿಂತು ನೋಡಿ. ನಿಲ್ಲುವುದೆಂದರೆ ತಳಕ್ಕೆ ಕಾಲೂರುವುದಲ್ಲ ಮತ್ತೆ. ತಳದಿಂದ ಒಂದು ಮೊಳ ಮೇಲೆ, ಕಾಲಾಡಿಸದೆ, ಉಸಿರಿನ ಹದದಲ್ಲೇ ತೇಲಿಕೊಂಡಿರಬೇಕು. ಕಾಲಿಗೆ ತೊಟ್ಟ ಫಿನ್, ಅಂದರೆ ಈಜುರೆಕ್ಕೆ, ಒಂದು ಸಲ ಬಡಿದರೆ ಸಾಕು, ಕೆಸರೆದ್ದು ಮುಂದಿನ ಐದು ನಿಮಿಷ ನಿಮಗೂ ಕಾಣುವುದಿಲ್ಲ, ಹಿಂದೆ ಬರುವವರಿಗೂ ಕಾಣುವುದಿಲ್ಲ.

ಇಂಡೊನೇಷ್ಯಾದ ಸುಲವೆಸಿ ದ್ವೀಪದ ಉತ್ತರ ತುದಿಯಲ್ಲಿ ಬಿಟುಂಗ್ ಎಂಬ ಬಂದರಿದೆ. ಮಲ್ಪೆ ನೋಡಿದವರಿಗೆ ಬಿಟುಂಗ್ ಹೊಸತು ಅನ್ನಿಸಲಿಕ್ಕಿಲ್ಲ. ಅದೇ ಡೀಸೆಲ್ ವಾಸನೆ, ಅದೇ ಮಂಜುಗಡ್ಡೆಯ ಲಾರಿ, ಅದೇ ಗದ್ದಲ. ನಮ್ಮಲ್ಲಿ ಬಂಗುಡೆ, ಅಲ್ಲಿ ಟ್ಯೂನಾ. ಬಿಟುಂಗಿಗೂ ಎದುರಿನ ಲೆಂಬೆ ದ್ವೀಪಕ್ಕೂ ನಡುವೆ ಕಿರಿದಾದ ಜಲಸಂಧಿ. ಆಸುಪಾಸಿನಲ್ಲಿ ಜ್ವಾಲಾಮುಖಿ ಬೆಟ್ಟಗಳಿರುವುದರಿಂದ ತಳದ ಮರಳು ಕಪ್ಪು. ಅದರ ಮೇಲೆ ಬಾಟಲಿ, ಟೈರು, ಹರಿದ ಹಗ್ಗ, ಒಂಟಿ ಚಪ್ಪಲಿ. ಇದನ್ನು ನೋಡಲಿಕ್ಕೆ ಜಗತ್ತಿನ ಮೂಲೆ ಮೂಲೆಯಿಂದ ಜನ ಬರುತ್ತಾರೆ.

ಯಾಕೆ ಅಂದರೆ, ಹವಳದ ದಿಬ್ಬದಲ್ಲಿ ಅಡಗಲಿಕ್ಕೆ ಸಂದುಗೊಂದು ಬೇಕಾದಷ್ಟಿವೆ. ಬಯಲು ಮರಳಿನಲ್ಲಿ ಏನಿದೆ? ಅಲ್ಲಿ ಬದುಕಬೇಕಾದರೆ ವೇಷ ಹಾಕಬೇಕು, ಇಲ್ಲಾ ಮೈಯಲ್ಲಿ ವಿಷ ಇರಬೇಕು. ಎರಡೂ ಇಲ್ಲದಿದ್ದರೆ ಮನೆಯನ್ನೇ ಹೊತ್ತುಕೊಂಡು ತಿರುಗಬೇಕು.

ಮನೆ ಹೊತ್ತವನ ಕಥೆ ಕೇಳಿ.

ಅದು ಲೆಂಬೆಯಲ್ಲಿ ನನ್ನ ಎರಡನೆಯ ದಿನ. ಆಳ ಹನ್ನೊಂದು ಮೀಟರ್. ನಮ್ಮ ಗೈಡ್ ಬಿಟುಂಗಿನ ಮೀನುಗಾರರ ಮನೆಯ ಹುಡುಗ. ಸಿಲಿಂಡರಿಗೆ ಕಡ್ಡಿಯಿಂದ ಟಣ್ ಟಣ್ ಎಂದು ಬಡಿದು ಕರೆದ. ಹೋಗಿ ನೋಡಿದರೆ ತೆಂಗಿನ ಗೆರಟೆ. ಕರಟ ಅನ್ನುತ್ತೀರಲ್ಲ, ಅದೇ. ಎರಡು ಹೋಳು, ಒಂದರ ಮೇಲೊಂದು ಬೋರಲು ಮುಚ್ಚಿಕೊಂಡು ಮರಳಿನಲ್ಲಿ ಅರ್ಧ ಹೂತಿದ್ದವು. ನಾನು ಮುಂದೆ ಹೊರಟೆ. ಅವನು ಅಂಗೈ ಎತ್ತಿ ತೋರಿಸಿದ: ನಿಲ್ಲಿ.

ನಿಂತೆ. ಐದು ನಿಮಿಷ ಏನೂ ಇಲ್ಲ. ಆಮೇಲೆ ಎರಡು ಹೋಳುಗಳ ನಡುವೆ ಬೆರಳು ತೂರುವಷ್ಟು ಸಂದಾಯಿತು. ಸಂದಿನಲ್ಲಿ ಒಂದು ಕಣ್ಣು. ಪಾಪೆ ಅಡ್ಡಗೆರೆ ಎಳೆದ ಹಾಗೆ. ನಾನು ಕ್ಯಾಮೆರಾ ಸರಿಮಾಡಿಕೊಳ್ಳಲು ಕೈ ಎತ್ತಿದ್ದಷ್ಟೇ, ಗೆರಟೆ ಮುಚ್ಚಿಹೋಯಿತು. ಮತ್ತೆ ಮೊದಲಿನಿಂದ ಕಾಯಬೇಕಾಯಿತು. ಅಷ್ಟರಲ್ಲಿ ಇನ್ನೊಂದು ದೋಣಿಯ ನಾಲ್ಕು ಜನ ನಮ್ಮ ಪಕ್ಕದಲ್ಲೇ ಕಾಲು ಬಡಿಯುತ್ತ ಹಾದುಹೋದರು. ಕೆಸರೆದ್ದಿತು. ಅದೂ ಕೂರುವವರೆಗೆ ಕಾದೆವು.

ಸುಮಾರು ಇಪ್ಪತ್ತು ನಿಮಿಷಕ್ಕೆ ಆ ಜೀವಿ ಹೊರಗೆ ಬಂತು. ಆಕ್ಟೋಪಸ್. ನಮ್ಮ ಬಂದರಿನ ಬೊಂಡಾಸ್‌ನ ದಾಯಾದಿ. ಕಾಫಿಪುಡಿಯ ಬಣ್ಣ, ಮೈಮೇಲೆಲ್ಲ ನರ ಹರಿದ ಹಾಗೆ ಕಪ್ಪು ಗೆರೆ, ತೋಳಿನ ಹೀರುಬಟ್ಟಲುಗಳು ತಿಳಿನೀಲಿ. ಗೆರಟೆಯಲ್ಲಿ ತುಂಬಿದ್ದ ಮರಳನ್ನು ನೀರು ಚಿಮ್ಮಿಸಿ ತೊಳೆಯಿತು. ಆಮೇಲೆ ನಮ್ಮ ಮನೆಗಳಲ್ಲಿ ಬಟ್ಟಲುಗಳನ್ನು ಒಂದರೊಳಗೊಂದು ಇಡುತ್ತೇವಲ್ಲ, ಹಾಗೆ ಎರಡು ಹೋಳನ್ನೂ ಅಂಗಾತ ಜೋಡಿಸಿತು. ಅದರ ಮೇಲೆ ಕೂತಿತು. ಎಂಟೂ ತೋಳುಗಳನ್ನು ಹೊರಗೆ ಇಳಿಬಿಟ್ಟು, ಬಿಗಿ ಮಾಡಿ, ಮರಗಾಲು ಕಟ್ಟಿಕೊಂಡವರ ಹಾಗೆ ನಡೆಯಲು ಹೊರಟಿತು! ಗೆರಟೆ ಹೊಟ್ಟೆಯಡಿ, ತೋಳು ಕೋಲಿನಂತೆ ಸೆಟೆದು, ಮೈ ಓಲಾಡುತ್ತ. ಆರೇಳು ಮಾರು ನಡೆದಿರಬೇಕು. ದೊಡ್ಡ ಮೀನೊಂದು ಮೇಲೆ ಹಾದದ್ದೇ ತಡ, ಒಂದು ಹೋಳಿನಲ್ಲಿ ಇಳಿದು ಇನ್ನೊಂದನ್ನು ಮೇಲೆ ಎಳೆದುಕೊಂಡಿತು. ಮತ್ತೆ ಅದೇ ಗೆರಟೆ, ಅದೇ ಮರಳು.

ಹೊತ್ತುಕೊಂಡು ನಡೆಯುವಾಗ ಗೆರಟೆಯಿಂದ ಅದಕ್ಕೆ ಏನೂ ಉಪಕಾರವಿಲ್ಲ. ಮೈ ಬಯಲಿಗೇ ಬಿದ್ದಿರುತ್ತದೆ, ನಡಿಗೆಯೂ ನಿಧಾನ. ಆದರೂ ಹೊರುತ್ತದೆ, ಮುಂದೆ ಬೇಕಾದೀತು ಅಂತ. ಮೋಡ ನೋಡಿ ಕೊಡೆ ಹಿಡಿದು ಹೊರಟವರು ನಾವು ಮಾತ್ರ ಅಂದುಕೊಂಡಿದ್ದೆವು. ಆಸ್ಟ್ರೇಲಿಯಾದ ವಿಜ್ಞಾನಿಗಳಾದ ಜೂಲಿಯನ್ ಫಿನ್, ಮಾರ್ಕ್ ನಾರ್ಮನ್ ಮತ್ತು ಅವರ ಸಂಗಡಿಗರು ಇಂಡೊನೇಷ್ಯಾದ ಕೆಸರಿನ ಮೇಲೆ 500 ಗಂಟೆಗೂ ಹೆಚ್ಚು ಕಳೆದು, ಈ ಜಾತಿಯ 20 ಆಕ್ಟೋಪಸ್‌ಗಳನ್ನು ನೋಡಿ, 2009ರಲ್ಲಿ ಇದನ್ನು ಬರೆದರು. ಬೆನ್ನೆಲುಬಿಲ್ಲದ ಪ್ರಾಣಿಯೂ ಉಪಕರಣ ಬಳಸುತ್ತದೆ ಎಂದರು. 500 ಗಂಟೆ! ನಿಂತದ್ದಕ್ಕೆ ಕಂಡದ್ದು.

ದಡಕ್ಕೆ ಬಂದಾಗ ಆ ನಾಲ್ಕು ಜನರೂ ಸಿಕ್ಕಿದರು. ‘ಅಲ್ಲಿ ಏನೂ ಇರಲಿಲ್ಲ’ ಅಂದರು. ನಾವಿದ್ದದ್ದೂ ಅವರಿದ್ದದ್ದೂ ಒಂದೇ ಜಾಗ, ಸ್ವಾಮಿ.

ಹೊತ್ತಾಯಿತು, ಉಳಿದದ್ದನ್ನು ಬೇಗ ಹೇಳುತ್ತೇನೆ. ವೇಷದವನ ಹೆಸರು ಮಿಮಿಕ್ ಆಕ್ಟೋಪಸ್. ವಿಜ್ಞಾನಿಗಳ ಕಣ್ಣಿಗೆ ಬಿದ್ದದ್ದು 1998ರಲ್ಲಿ, ಅದೂ ಸುಲವೆಸಿಯ ಕಡಲಲ್ಲೇ. ಒಂದೇ ರಾತ್ರಿ ಮೂರು ವೇಷ ಕಟ್ಟುವ ಯಕ್ಷಗಾನದವರ ಹಾಗೆ ಒಮ್ಮೆ ಚಪ್ಪಟೆ ನಂಗು ಮೀನಾಗುತ್ತದೆ, ಒಮ್ಮೆ ಕಡಲ ಹಾವಾಗುತ್ತದೆ, ಒಮ್ಮೆ ಮುಳ್ಳಿನ ಲಯನ್ ಫಿಶ್. ಇನ್ನು ಫ್ರಾಗ್ ಫಿಶ್, ಕಪ್ಪೆಮೂತಿಯ ಮೀನು. ಹಣೆಯ ಮೇಲೇ ಗಾಳದ ಕೋಲು, ತುದಿಯಲ್ಲಿ ಹುಳುವಿನಂಥ ತುಣುಕು. ಗಾಳ ಹಾಕುವವರಿಗೆ ತಾಳ್ಮೆ ಏನೆಂದು ನಾನು ಹೇಳಬೇಕಾಗಿಲ್ಲ. ಅದು ಬಾಯಿ ತೆರೆದು ಮೀನನ್ನು ನುಂಗುವುದು ಮಾತ್ರ ಸೆಕೆಂಡಿನ ನೂರನೇ ಒಂದು ಪಾಲಿಗಿಂತ ಬೇಗ.

ಎರಡು ಸೆಂಟಿಮೀಟರಿನ ಕುಬ್ಜ ಕಡಲಕುದುರೆ ಕೆಸರಿನದ್ದಲ್ಲ, ಬೀಸಣಿಗೆಯಂಥ ಹವಳಕ್ಕೆ ಅಂಟಿ ಬದುಕುತ್ತದೆ. ಆದರೂ ಹೇಳಲೇಬೇಕು. 1969ರಲ್ಲಿ ನ್ಯೂ ಕ್ಯಾಲಿಡೋನಿಯಾದ ಜಾರ್ಜ್ ಬಾರ್ಗಿಬಾಂ ಆ ಹವಳವನ್ನು ಕಿತ್ತು ತಂದು ಪರೀಕ್ಷಿಸುವಾಗಲೇ ಅದು ಮೊದಲು ಕಂಡದ್ದು. ನೀರೊಳಗೆ ಯಾರಿಗೂ ಕಂಡಿರಲಿಲ್ಲ.

ಒಂದು ವಿಷಯ ನನಗೆ ಸಹಿಸಲಾಗುವುದಿಲ್ಲ. ಫೋಟೊ ಚೆನ್ನಾಗಿ ಬರಲಿ ಎಂದು ಕಡ್ಡಿಯಿಂದ ಚುಚ್ಚುವವರಿದ್ದಾರೆ. ಅಡಗಿ ಬದುಕುವ ಜೀವಿಯನ್ನು ಬಯಲಿಗೆಳೆದು ಹೋದರೆ, ನೀವು ದೋಣಿ ಹತ್ತುವುದರೊಳಗೆ ಅದನ್ನು ಇನ್ನೊಂದು ತಿಂದಿರುತ್ತದೆ. ದಯವಿಟ್ಟು ಕೈ ಕಟ್ಟಿಕೊಳ್ಳಿ. ನಿಲ್ಲಿ, ಅದೇ ಬರುತ್ತದೆ. ನೀಲಿ ಉಂಗುರದ ಆಕ್ಟೋಪಸ್ಸಿಗಂತೂ ಕೈ ಹಾಕಲೇಬೇಡಿ. ಅಂಗೈಯಲ್ಲಿ ಹಿಡಿಸುವಷ್ಟು ಪುಟ್ಟದು, ಕಚ್ಚಿದ್ದು ಗೊತ್ತೂ ಆಗುವುದಿಲ್ಲ, ಉಸಿರು ನಿಲ್ಲುತ್ತದೆ. ಆ ವಿಷಕ್ಕೆ ಮದ್ದಿಲ್ಲ. ಆಸ್ಪತ್ರೆ ಮುಟ್ಟುವವರೆಗೂ ಬಾಯಿಗೆ ಬಾಯಿಟ್ಟು ಉಸಿರು ಕೊಡುತ್ತಿರಬೇಕು.

ಮುರ್ಡೇಶ್ವರದಿಂದ ನೇತ್ರಾಣಿಗೆ ಡೈವಿಂಗ್ ಹೋಗುವ ಹುಡುಗ ಹುಡುಗಿಯರು ಕೇಳುತ್ತಿದ್ದರೆ, ಮುಂದಿನ ಸಲ ಒಂದೇ ಬಂಡೆಯ ಮುಂದೆ ಹದಿನೈದು ನಿಮಿಷ ನಿಲ್ಲಿ. ದ್ವೀಪ ಸುತ್ತುವುದು ಇನ್ನೊಂದು ದಿನಕ್ಕಿರಲಿ.

ಇನ್ನು ದಕ್ಕೆಯಲ್ಲಿ ಕೆಲಸ ಮಾಡುವ ಅಕ್ಕಂದಿರಿಗೆ, ಅಣ್ಣಂದಿರಿಗೆ ಒಂದು ಮಾತು. ಆ ಗೆರಟೆ ಹೊತ್ತ ಆಕ್ಟೋಪಸ್ ಇಂಡೊನೇಷ್ಯಾದ್ದು ಮಾತ್ರ ಅಲ್ಲ. ಅದೇ ಜಾತಿ ನಮ್ಮ ಕಡಲಲ್ಲೂ ಇದೆ, ಟ್ರಾಲ್ ಬಲೆಗೆ ಬರುತ್ತದೆ. ಬಲೆ ಕೊಡವಿದಾಗ ಶಂಖವೋ ಚಿಪ್ಪೋ ಬಾಟಲಿಯೋ ಬಿದ್ದರೆ ಎಸೆಯುವ ಮೊದಲು ಒಂದು ಬಕೆಟ್ ಕಡಲ ನೀರಿನಲ್ಲಿಡಿ. ನೆರಳಿನಲ್ಲಿಡಿ. ಮಕ್ಕಳನ್ನು ಕರೆದು ಸುತ್ತ ಕೂರಿಸಿ, ಸದ್ದು ಮಾಡದೆ ಐದು ನಿಮಿಷ ನೋಡಿ. ಕಣ್ಣು ಕಂಡರೆ ಬರಿಗೈ ಹಾಕಬೇಡಿ, ಬಕೆಟ್ಟನ್ನು ಹಾಗೇ ಒಯ್ದು ನೀರಿಗೆ ಬಗ್ಗಿಸಿ.

ನಮಸ್ಕಾರ.