ಶಿವರಾಯಿ ಸಿಕ್ಕ ಮಾತ್ರಕ್ಕೆ ಶಿವಾಜಿ ಕಾಲದ ಮನೆಯಲ್ಲ

ಎಲ್ಲರಿಗೂ ನಮಸ್ಕಾರ. ‘ಹಾಳು ಮನೆ, ಹಳೆ ನಾಣ್ಯ’ ಅಂತ ವಿಷಯ ಹೇಳಿದಾಗ ಸಂಘಟಕರು, ‘ನಿಧಿ ಅಂತ ಹಾಕೋಣ ಸರ್, ಪುಣೆಯ ಕನ್ನಡಿಗರೆಲ್ಲ ಬಂದು ಕೂಡ್ತಾರೆ’ ಅಂದರು. ನಾನು ಒಪ್ಪಲಿಲ್ಲ. ನಿಧಿಯ ಆಸೆಗೆ ಬಂದವರಿದ್ದರೆ ಚಹಾ ಕುಡಿದು ಹೊರಡಬಹುದು, ನನಗೆ ಬೇಜಾರಿಲ್ಲ.

ಮೆಟಲ್ ಡಿಟೆಕ್ಟರ್ ಹಿಡಿದು ಹಳೆ ಮನೆಗಳ ಜಾಗದಲ್ಲಿ ನಾಣ್ಯ ಹುಡುಕುವ ಹವ್ಯಾಸ ಅಮೆರಿಕದಲ್ಲಿ ದೊಡ್ಡದು. ಅಲ್ಲಿ 1862ರ ಹೋಮ್‌ಸ್ಟೆಡ್ ಕಾಯ್ದೆಯಡಿ 160 ಎಕರೆ ಪಡೆದು ಮನೆ ಕಟ್ಟಿದವರಲ್ಲಿ ಅನೇಕರು ಆಮೇಲೆ ಬಿಟ್ಟು ಹೋದರು. ಹುಡುಕುವವರು ಅಲ್ಲಿ ಬಟ್ಟೆ ಒಣಹಾಕುತ್ತಿದ್ದ ತಂತಿಯ ಕೆಳಗೆ, ಹಳೆ ಮರದ ನೆರಳಲ್ಲಿ, ಮೆಟ್ಟಿಲ ಬುಡದಲ್ಲಿ ನೋಡುತ್ತಾರೆ. ಜನ ಬಗ್ಗಿ ಎದ್ದ ಕಡೆಯೇ ಜೇಬಿನ ಕಾಸು ಜಾರುವುದು. ನಮ್ಮ ಕಡೆಗಾದರೆ ಬಾಗಿಲ ಮುಂದಿನ ಕಟ್ಟೆ, ಬಾವಿಯ ದಂಡೆ, ದನದ ಕೊಟ್ಟಿಗೆಗೆ ಹೋಗುವ ದಾರಿ.

ಗೋಡೆ ಕರಗಿ ದಿಬ್ಬವಾಗಿದ್ದರೂ ಜಾಗ ಗೊತ್ತಾಗುತ್ತದೆ. ಇಲ್ಲಿಯ ಹಳ್ಳಿಗಳಲ್ಲಿ ಊರು ಕೂತ ಬಿಳಿಮಣ್ಣಿನ ನೆಲ ಪಾಂಢರಿ, ಉಳುವ ಕರಿನೆಲ ಕಾಳಿ. ಆ ಎರಡರ ಗಡಿಯನ್ನು ಮೊದಲು ಕಾಲಲ್ಲಿ ಸುತ್ತಿ ನೋಡಿ, ಆಮೇಲೆ ಯಂತ್ರ.

ಯಂತ್ರದ ಕೆಲಸ ಇಷ್ಟೇ. ಸುರುಳಿ ನೆಲಕ್ಕೆ ಕಾಂತಕ್ಷೇತ್ರ ಕಳಿಸುತ್ತದೆ, ಒಳಗಿನ ಲೋಹದಲ್ಲಿ ವಿದ್ಯುತ್ ಸುಳಿ ಹುಟ್ಟುತ್ತದೆ, ಅದರ ಪ್ರತಿಕ್ರಿಯೆಯನ್ನು ಇನ್ನೊಂದು ಸುರುಳಿ ಹಿಡಿಯುತ್ತದೆ. ಬೆಳ್ಳಿ, ತಾಮ್ರಕ್ಕೆ ದನಿ ಏರುತ್ತದೆ. ಮೊಳೆಗೆ ಸಾಮಾನ್ಯವಾಗಿ ಗೊರ ಗೊರ. ಒಂದೇ ನಾಣ್ಯವಾದರೆ ಆರೇಳು ಇಂಚಿನ ಕೆಳಗೆ ಸುದ್ದಿ ಸಿಗುವುದು ಕಷ್ಟ. ಜಾಹೀರಾತಿನಲ್ಲಿ ಮೀಟರುಗಟ್ಟಲೆ ಬರೆದಿದ್ದರೆ ದುಡ್ಡು ಜೇಬಿನಲ್ಲೇ ಇರಲಿ. ಪುಣೆಯ ಸುತ್ತ ಕರಿಕಲ್ಲಿನಲ್ಲೇ ಕಬ್ಬಿಣದ ಅಂಶ ಇರುವುದರಿಂದ ಬರೀ ಕಲ್ಲಿಗೂ ಅದು ಕೂಗುತ್ತದೆ. ಮೊದಲು ಆ ನೆಲಕ್ಕೆ ಯಂತ್ರವನ್ನು ಹೊಂದಿಸಿಕೊಳ್ಳಬೇಕು. ಗ್ರೌಂಡ್ ಬ್ಯಾಲೆನ್ಸ್ ಅಂದರೆ ಇದೇ.

ಇನ್ನು ನಾಣ್ಯಕ್ಕೆ ಬರೋಣ. ಈ ಭಾಗದಲ್ಲಿ ಹೆಚ್ಚಾಗಿ ಸಿಗುವುದು ಶಿವರಾಯಿ ಎಂಬ ತಾಮ್ರದ ದಪ್ಪ ಬಿಲ್ಲೆ. ಒಂದು ಮಗ್ಗುಲಲ್ಲಿ ‘ಶ್ರೀ ರಾಜಾ ಶಿವ’, ಇನ್ನೊಂದರಲ್ಲಿ ‘ಛತ್ರಪತಿ’. ಅಚ್ಚು ಬಿಲ್ಲೆಗಿಂತ ದೊಡ್ಡದಾಗಿದ್ದರಿಂದ ಎಷ್ಟೋ ಸಲ ‘ತ್ರಪ’ ಅಷ್ಟೇ ಉಳಿದಿರುತ್ತದೆ. ಸಿಕ್ಕ ಕೂಡಲೇ ‘ನಮ್ಮದು ಶಿವಾಜಿ ಮಹಾರಾಜರ ಕಾಲದ ಮನೆ’ ಅನ್ನುತ್ತಾರೆ. ತಡೀರಿ. ಮಹಾರಾಜರ ಪಟ್ಟಾಭಿಷೇಕ 1674ರಲ್ಲಿ. ಆದರೆ ಪೇಶ್ವೆಯರ ಕಾಲದಲ್ಲೂ ಅದೇ ಹೆಸರಿನಲ್ಲಿ ಟಂಕಿಸಿದರು. ಅಕ್ಷರದ ಸಾಲುಗಳ ನಡುವೆ ಜೋಡಿ ಗೆರೆ ಇರುವ ದುದಾಂಡಿ ಆ ಕಾಲದ್ದು. 1818ರಲ್ಲಿ ಪೇಶ್ವಾಯಿ ಮುಗಿದ ಮೇಲೂ ಸಂತೆಗಳಲ್ಲಿ ಅದು ಬಹಳ ವರ್ಷ ನಡೆಯಿತು. ಅಂದರೆ ಅಂಥ ನಾಣ್ಯ ಕಳೆದುಕೊಂಡವನು ವಿಕ್ಟೋರಿಯಾ ರಾಣಿಯ ಪ್ರಜೆಯೂ ಆಗಿರಬಹುದು.

ಮನೆಯ ವಯಸ್ಸು ಹೇಳುವುದು ಜೇಬಿನಿಂದ ಬಿದ್ದ ನಾಣ್ಯವಲ್ಲ, ಪಾಯಾಪೂಜೆಯಲ್ಲಿ ಹೊಸ್ತಿಲ ಕೆಳಗೆ ಇಟ್ಟ ನಾಣ್ಯ. ಅಲುಗಾಡದ ಹೊಸ್ತಿಲ ಅಡಿಯಲ್ಲಿ 1835ರ ಕಂಪನಿ ಕಾಲಾಣೆ ಕಂಡರೆ ಆ ಹೊಸ್ತಿಲು ಅದಕ್ಕಿಂತ ಹಳೆಯದಾಗಿರಲು ಸಾಧ್ಯವೇ ಇಲ್ಲ. ಅದೇ ಕಾಲಾಣೆ ಕಿತ್ತು ಡಬ್ಬಿಗೆ ಹಾಕಿದಿರೋ, ಅದು ರವಿವಾರ ಪುಣೆಯ ಹಳೆ ಸಾಮಾನಿನ ಸಂತೆ ಜುನಾ ಬಾಜಾರ್‌ನಲ್ಲಿ ಚೌಕಾಸಿ ಮಾಡುವ ಸಾಮಾನು. ಹೊಸ್ತಿಲಿನ ಪುರಾವೆ ಹೋಯಿತು. ಇನಾಮ್‌ಗಾಂವ್ ಎಂಬ ಪುಣೆ ಜಿಲ್ಲೆಯ ಪ್ರಾಚೀನ ನೆಲೆಯನ್ನು ಅಗೆದ ಡೆಕ್ಕನ್ ಕಾಲೇಜಿನ ಪುರಾತತ್ವದವರು ಪದರ ಪದರವಾಗಿ, ಯಾವುದು ಎಲ್ಲಿತ್ತು ಎಂದು ಬರೆದುಕೊಂಡದ್ದು ಸುಮ್ಮನೆ ಅಲ್ಲ. ನೀವೂ ಎತ್ತುವ ಮೊದಲು ಫೋಟೋ ತೆಗೆಯಿರಿ, ಆಳ ಅಳೆಯಿರಿ, ಗೋಡೆಯಿಂದ ಎಷ್ಟು ದೂರ ಬರೆಯಿರಿ. ಮೇಲ್ಮಣ್ಣಿನ 1943ರ ತೂತಿನ ಪೈಸೆಗೂ ಇದೇ ಮರ್ಯಾದೆ.

ಕಾನೂನು. ಸ್ವಂತ ಹೊಲ ಅಲ್ಲವಾದರೆ ಮಾಲೀಕರ ಒಪ್ಪಿಗೆ ಬರವಣಿಗೆಯಲ್ಲಿ ಬೇಕು. ಕೋಟೆ, ಗುಡಿ, ಸಂರಕ್ಷಿತ ಸ್ಮಾರಕಗಳ ಹತ್ತಿರ ಯಂತ್ರ ಆನ್ ಕೂಡ ಮಾಡಬೇಡಿ. ಮಹಾರಾಷ್ಟ್ರದಲ್ಲಿ ನಡೆಯುವುದು 1878ರ ನಿಧಿ ಕಾಯ್ದೆ: ನೆಲದಲ್ಲಿ ಅಡಗಿದ್ದ, ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ವಸ್ತು ಸಿಕ್ಕರೆ ಕಲೆಕ್ಟರಿಗೆ ಲಿಖಿತವಾಗಿ ತಿಳಿಸಬೇಕು. ಆಗಿನ ಹತ್ತು ರೂಪಾಯಿಯೇ ಕಾಯ್ದೆಯಲ್ಲಿ ಕೂತಿದೆ. ಈಗ ಕಟಿಂಗ್ ಚಹಾಕ್ಕೂ ಸಾಲದು. ನನ್ನ ಅಭಿಪ್ರಾಯ ಕೇಳಿದರೆ, ಇಷ್ಟು ಸಣ್ಣ ಮೊತ್ತದಿಂದಲೇ ಜನ ಹೆದರಿ ಮುಚ್ಚಿಡುತ್ತಾರೆ. ಆದರೂ ಮುಚ್ಚಿಟ್ಟರೆ ಜೈಲಿಗೂ ದಾರಿ ಇದೆ. ತಿಳಿಸಿದವರಿಗೆ ನಷ್ಟವೇ ಆಗಬೇಕೆಂದಿಲ್ಲ. ಸರ್ಕಾರ ನಿಧಿಯನ್ನು ತಾನೇ ಇಟ್ಟುಕೊಂಡರೆ ಅದರಲ್ಲಿರುವ ಲೋಹದ ಬೆಲೆಯ ಮೇಲೆ ಐದನೇ ಒಂದು ಭಾಗ ಸೇರಿಸಿ ಕೊಡುತ್ತದೆ. ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆಯ ಪ್ರಕಾರ ಪುರಾತನ ವಸ್ತು. ಅಮೆರಿಕದಲ್ಲಿರುವ ಮಗನಿಗೆ ಕಳಿಸುವ ಹಾಗಿಲ್ಲ.

ಒಂದು ಮಾತು ಅಕ್ಕಂದಿರಿಗೆ. ತಾಮ್ರದ ನಾಣ್ಯ ಕಂಡರೆ ಹುಣಸೆಹಣ್ಣು ತರಬೇಡಿ. ತಂಬಿಗೆ ಬೆಳಗುವ ಹಾಗೆ ಬೆಳಗಿದರೆ ಹಸಿರು ಪದರದ ಜೊತೆ ಅಕ್ಷರವೂ ಹೋಗುತ್ತದೆ. ಕಿಲುಬು ಪುಡಿಪುಡಿಯಾಗಿ ಉದುರುತ್ತಿದ್ದರೆ ಮಾತ್ರ ತಿಳಿದವರ ಕೈಗೆ ಕೊಡಿ.

ಹಿಂದಿನ ಮೇಜಿನ ಮೇಲೆ ಯಂತ್ರ ಇಟ್ಟಿದ್ದೇನೆ. ಬಳೆ, ಉಂಗುರ ತೆಗೆದಿಟ್ಟು ಒಬ್ಬೊಬ್ಬರಾಗಿ ಬಂದು ಹಿಡಿದು ನೋಡಿ. ಮೊಳೆ ಯಾವುದು, ಪೈಸೆ ಯಾವುದು, ಕಣ್ಣು ಮುಚ್ಚಿಕೊಂಡು ದನಿಯಿಂದಲೇ ಹೇಳಬೇಕು.