ಅರವತ್ತು ಸೈಕಲ್ಲು ಎಲ್ಲಿ ನಿಲ್ಲಬೇಕು?

ಎಲ್ಲರಿಗೂ ನಮಸ್ಕಾರ.

ಈ ಚಳಿಗಾಲದಲ್ಲಿ ಬೀದರಿನ ಸೈಕಲ್ ಮಂದಿ ಎಲ್ಲ ಸೇರಿ ಒಂದು ದೊಡ್ಡ ಸವಾರಿ ಮಾಡಬೇಕು ಅಂತ ಹೊರಟಿದ್ದೀರಿ. ಐವತ್ತು ಅರವತ್ತು ಜನ ಬರಬಹುದು ಅನ್ನುವ ಅಂದಾಜು. ಟೀ ಶರ್ಟಿನ ಬಣ್ಣ ಯಾವುದು, ಮೆಡಲ್ ಕೊಡಬೇಕೋ ಬೇಡವೋ, ಹಸಿರು ಬಾವುಟ ತೋರಿಸಲು ಯಾರನ್ನು ಕರೆಯಬೇಕು ಅಂತ ಚರ್ಚೆ ಆಗಲೇ ಶುರುವಾಗಿದೆಯಂತೆ. ಅದನ್ನು ನೀವು ನೋಡಿಕೊಳ್ಳಿ. ನಾನು ಬಂದಿರುವುದು ಒಂದು ವಿಷಯ ಹೇಳಲು. ಸೈಕಲ್ ತುಳಿಯುವಾಗ ಮೈ ತಾನೇ ಬಿಸಿ ಇರುತ್ತದೆ. ಥಂಡಿ ಹಿಡಿಯುವುದು ನಿಂತಾಗ. ಆದ್ದರಿಂದ ದಾರಿ ಆಮೇಲೆ ಗುರುತು ಮಾಡಿ. ಎಲ್ಲೆಲ್ಲಿ ನಿಲ್ಲಬೇಕು, ಎಷ್ಟು ಹೊತ್ತು ನಿಲ್ಲಬೇಕು, ಅದನ್ನು ಮೊದಲು ಬರೆದುಕೊಳ್ಳಿ.

ನಮ್ಮ ಊರಿನ ಚಳಿ ಹೇಗೆ ಅಂತ ನಿಮಗೆ ಗೊತ್ತೇ ಇದೆ. ಡಿಸೆಂಬರ್, ಜನವರಿಯಲ್ಲಿ ರಾಜ್ಯದಲ್ಲೇ ಕಡಿಮೆ ಉಷ್ಣಾಂಶ ಅಂತ ಪೇಪರಿನಲ್ಲಿ ಬರುವ ಊರುಗಳಲ್ಲಿ ಬೀದರ್ ಒಂದು. ಕೆಲವು ದಿನ ಬೆಳಿಗ್ಗೆ 10 ಡಿಗ್ರಿಗಿಂತ ಕೆಳಗೆ ಇಳಿಯುತ್ತದೆ. ಊರು ಎತ್ತರದ ಮೇಲಿದೆ, ಆಕಾಶ ತಿಳಿಯಾಗಿರುತ್ತದೆ, ಗಾಳಿಯಲ್ಲಿ ತೇವ ಕಡಿಮೆ. ಹಗಲೆಲ್ಲ ನೆಲ ಕುಡಿದ ಬಿಸಿ ರಾತ್ರಿ ತಡೆಯಿಲ್ಲದೆ ಮೇಲಕ್ಕೆ ಹೋಗಿಬಿಡುತ್ತದೆ. ರಾತ್ರಿಯಿಡೀ ಹೀಗೇ ಇಳಿಯುತ್ತಾ ಹೋಗುವುದರಿಂದ ಅತಿ ಹೆಚ್ಚು ಚಳಿ ಇರುವುದು ನಡುರಾತ್ರಿಯಲ್ಲಿ ಅಲ್ಲ, ಸೂರ್ಯ ಹುಟ್ಟುವ ಹೊತ್ತಿನಲ್ಲಿ. ಮತ್ತೆ ಒಂಬತ್ತು ಗಂಟೆಯ ಹೊತ್ತಿಗೆ ಸ್ವೆಟರ್ ಬಿಚ್ಚಬೇಕು ಅನಿಸುತ್ತದೆ. ಮಧ್ಯಾಹ್ನ ಅದೇ ಊರಲ್ಲಿ ಬೆವರು.

ಈಗ ಹೊರಡುವ ಸಮಯಕ್ಕೆ ಬನ್ನಿ. "ಅಣ್ಣಾ, ಐದಕ್ಕೇ ಬಿಡೋಣ್ರಿ, ರಸ್ತಾ ಖಾಲಿ ಇರ್ತದ" ಅಂತ ಹುಡುಗರು ಹೇಳುತ್ತಾರೆ. ಏಪ್ರಿಲ್‌ನಲ್ಲಿ ಅದು ಸರಿ. ಈಗ ಅಲ್ಲ. ನಮ್ಮಲ್ಲಿ ಡಿಸೆಂಬರ್ ಕೊನೆಯಲ್ಲಿ ಸೂರ್ಯ ಹುಟ್ಟುವುದು ಸುಮಾರು 6:50ಕ್ಕೆ. ಅತಿ ಚಿಕ್ಕ ಹಗಲು ಡಿಸೆಂಬರ್ 21ರ ಆಸುಪಾಸಿನಲ್ಲಿ ಬರುತ್ತದೆ ನಿಜ. ಆದರೆ ಬೆಳಗು ಇನ್ನೂ ತಡವಾಗುವುದು ಅದಾದ ಮೇಲೆ. ಜನವರಿ ಮಧ್ಯದಲ್ಲಿ 6:55 ದಾಟಬಹುದು. ಸಂಕ್ರಾಂತಿ ಬಂತು, ಇನ್ನು ಬೇಗ ಬೆಳಕಾಗುತ್ತದೆ ಅಂತ ಲೆಕ್ಕ ಹಾಕಿದವರು ಕತ್ತಲಲ್ಲೇ ನಿಂತಿರಬೇಕಾಗುತ್ತದೆ.

ಐದಕ್ಕೆ ಹೊರಡಬೇಕು ಅಂದರೆ ಜನ ನಾಲ್ಕೂವರೆಗೆ ಸೇರಬೇಕು. ಹೆಸರು ಬರೆಸಬೇಕು, ಬಿಬ್ ಅಂದರೆ ನಂಬರಿನ ಚೀಟಿ ಕಟ್ಟಬೇಕು, ಮುಖ್ಯ ಅತಿಥಿ ಬರುವವರೆಗೆ ಕಾಯಬೇಕು. ಇಡೀ ಸವಾರಿಯಲ್ಲಿ ಅತಿ ಉದ್ದದ ನಿಲುಗಡೆ ಯಾವುದು ಹೇಳಿ? ಹೊರಡುವ ಜಾಗವೇ ಅಲ್ವಾ? ಅದೂ ಮೈ ಇನ್ನೂ ಬಿಸಿ ಆಗದೇ ಇರುವಾಗ. ಹೀಗಾಗಿ ನನ್ನ ಸಲಹೆ: ಹೆಸರು, ಬಿಬ್ ಎಲ್ಲ ಹಿಂದಿನ ದಿನ ಸಂಜೆಯೇ ಮುಗಿಸಿ. ಬೆಳಿಗ್ಗೆ 6:45ಕ್ಕೆ ನೆಹರು ಕ್ರೀಡಾಂಗಣದ ಹತ್ತಿರ ಸೇರಿ, 7 ಗಂಟೆಗೆ ಹೊರಡಿ. ಭಾಷಣ ಇದ್ದರೆ ಕೊನೆಯಲ್ಲಿ, ಬಿಸಿಲಲ್ಲಿ ಕೂತು ಕೇಳೋಣ. ಅತಿಥಿಗಳು ತಡವಾಗಿ ಬಂದರೆ ಅವರೂ ಒಂದು ಸೈಕಲ್ ಹತ್ತಿ ಹಿಂದೆ ಬರಲಿ, ನಾವೇನು ಬೇಡ ಅನ್ನುತ್ತೇವಾ?

ದಾರಿಯನ್ನು ಎಲ್ಲರೂ ಹೋಗಬಹುದಾದದ್ದು ಆರಿಸಿ. ಗೇರ್ ಸೈಕಲ್ ಇರುವವರು ಹೋಗಲಿ, ಅಪ್ಪನ ಹಳೆಯ ಡಬಲ್ ಬಾರ್ ಸೈಕಲ್ ತಂದವನೂ ಹೋಗಲಿ. ಊರೊಳಗಿನ ಒಂದು ಸುತ್ತು ಸಾಕು. ಚೌಬಾರಾ, ಮಹಮೂದ್ ಗವಾನನ ಮದರಸಾ, ಕೋಟೆ, ಅಲ್ಲಿಂದ ಚೌಖಂಡಿ ದಾಟಿ ಅಷ್ಟೂರಿನ ಗುಂಬಜ್‌ಗಳು, ವಾಪಸ್ ನಾನಕ್ ಝೀರಾ ಗುರುದ್ವಾರ. ಇಪ್ಪತ್ತು ಕಿಲೋಮೀಟರ್ ಒಳಗೇ ಮುಗಿಯುತ್ತದೆ. ನಿಧಾನಕ್ಕೆ ಹೋದರೂ ತುಳಿಯುವುದು ಒಂದೂವರೆ ಗಂಟೆ. ಉಳಿದದ್ದೆಲ್ಲ ನಿಲ್ಲುವ ಹೊತ್ತು.

ಇದರಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದು ಮುಖ್ಯ. ಊರು ಗುಡ್ಡದ ಅಂಚಿನಲ್ಲಿದೆ, ಅಷ್ಟೂರು ಕೆಳಗೆ ಬಯಲಿನಲ್ಲಿದೆ. ತಣ್ಣಗಿನ ಗಾಳಿ ಭಾರ, ರಾತ್ರಿ ಇಳಿಜಾರಿನಲ್ಲಿ ಜಾರಿ ತಗ್ಗಿನಲ್ಲಿ ಸೇರಿಕೊಳ್ಳುತ್ತದೆ. ಬೆಳಿಗ್ಗೆ ಮೇಲೆ ಊರಲ್ಲಿ ಇರುವುದಕ್ಕಿಂತ ಕೆಳಗೆ ಚಳಿ ಜಾಸ್ತಿ, ಮಂಜೂ ಅಲ್ಲೇ. ಏಳಕ್ಕೇ ನೇರ ಅಷ್ಟೂರಿಗೆ ಇಳಿದರೆ ಏನಾಗುತ್ತದೆ? ಇಳಿಜಾರಿನಲ್ಲಿ ಯಾರೂ ಪೆಡಲ್ ತುಳಿಯುವುದಿಲ್ಲ, ಮೈ ಬಿಸಿ ಆಗುವುದಿಲ್ಲ. ಗಾಳಿ ಮಾತ್ರ ಮುಖಕ್ಕೆ ಹೊಡೆಯುತ್ತದೆ. ಗಂಟೆಗೆ 20 ಕಿಲೋಮೀಟರ್ ವೇಗದ ಗಾಳಿಯಲ್ಲಿ 10 ಡಿಗ್ರಿ ಚಳಿ ಮೈಗೆ 7 ಡಿಗ್ರಿಯ ಹಾಗೆ ತಾಗುತ್ತದೆ. ಬೆರಳು ಮರಗಟ್ಟಿದವನ ಬ್ರೇಕು ಹೇಗೆ ಹಿಡಿಯುತ್ತದೆ ಅಂತ ಯೋಚಿಸಿ. ಆದ್ದರಿಂದ ಮೊದಲು ಊರೊಳಗೆ ತಿರುಗಿ. ಮದರಸಾ ಮುಂದೆ ಒಂದು ನಿಮಿಷ, 1472ರ ಆ ಮಿನಾರಿನ ಬಣ್ಣದ ಹಂಚುಗಳ ಮೇಲೆ ಎಳೆಬಿಸಿಲು ಬೀಳುವುದನ್ನು ನೋಡಿ ಹೊರಡಿ. ಕೋಟೆ ನೋಡಿ. ಎಂಟು ದಾಟಿದ ಮೇಲೆ ಅಷ್ಟೂರಿಗೆ ಇಳಿಯಿರಿ.

ಅಷ್ಟೂರಿನಲ್ಲಿ ನಿಧಾನಕ್ಕೆ ನಿಲ್ಲಬಹುದು. ಸಾಲಾಗಿ ಬಹಮನಿ ಸುಲ್ತಾನರ ಗುಂಬಜ್‌ಗಳಿವೆ. ಸಿಡಿಲು ಬಡಿದು ಅರ್ಧ ಮಾತ್ರ ಉಳಿದ ಹುಮಾಯೂನ್ ಶಾಹನ ಗೋರಿಯನ್ನು ಮಕ್ಕಳು ಒಮ್ಮೆ ನೋಡಿದರೆ ಮರೆಯುವುದಿಲ್ಲ. ಅದೇ ಸಾಲಿನ ಅಹ್ಮದ್ ಶಾಹ ವಲಿಯ ಗುಂಬಜ್ ಒಳಗೆ ಚಿತ್ತಾರವಿದೆ. ಅವನನ್ನು ಅಲ್ಲಮಪ್ರಭು ಅಂತ ನಂಬಿ ನಡೆದುಕೊಳ್ಳುವ ಭಕ್ತರೂ ಉರುಸಿಗೆ ಬರುತ್ತಾರೆ. ಈ ಕಥೆ ಹೇಳಲು ಒಬ್ಬರನ್ನು ಮೊದಲೇ ಗೊತ್ತು ಮಾಡಿ. ಆದರೆ ಅವರನ್ನು ಗುಂಬಜ್‌ಗಳ ಪೂರ್ವಕ್ಕೆ, ಬಿಸಿಲು ಬೀಳುವ ಕಡೆ ನಿಲ್ಲಿಸಿ. ಪಶ್ಚಿಮದ ನೆರಳಲ್ಲಿ ನಿಂತರೆ ಯಾರಿಗೂ ಇತಿಹಾಸ ಕಿವಿಗೆ ಬೀಳುವುದಿಲ್ಲ. ಬೆವರಿದ ಬನಿಯನ್ ಬೆನ್ನಿಗೆ ತಣ್ಣಗೆ ಅಂಟಿಕೊಂಡಾಗ ಮನಸ್ಸು ಅಲ್ಲೇ ಇರುತ್ತದೆ.

ನಿಲುಗಡೆಯನ್ನು ಮೊದಲೇ ಬರೆದುಕೊಂಡು ಸೈಕಲ್ ಹೊಡೆಯುವುದು ನಾನು ಕಂಡುಹಿಡಿದದ್ದಲ್ಲ. 1897ರಲ್ಲಿ ಇಟಲಿಯ 12 ಜನ ಸೈಕಲ್ ಸವಾರರು ರೋಮ್‌ನಿಂದ ನೇಪಲ್ಸ್‌ಗೆ, ಸುಮಾರು 230 ಕಿಲೋಮೀಟರ್, ಹಗಲಿನ ಬೆಳಕಿನಲ್ಲೇ ಮುಟ್ಟಬೇಕು ಅಂತ ಹೊರಟರು. ಜನ ಅವರನ್ನು ಗಟ್ಟಿ ಗುಂಡಿಗೆಯವರು ಅಂದರು, ಅದೇ ಅರ್ಥದ ಲ್ಯಾಟಿನ್ ಪದ ಔಡಾಕ್ಸ್, ಈ ಬಗೆಯ ಸವಾರಿಗೆ ಆ ಹೆಸರು ಅಲ್ಲಿಂದ ಬಂತು. ಟೂರ್ ದೆ ಫ್ರಾನ್ಸ್ ಶುರು ಮಾಡಿದ ಆನ್ರಿ ದೆಗ್ರಾಂಜ್ 1904ರಲ್ಲಿ ಅದನ್ನು ಫ್ರಾನ್ಸಿಗೆ ತಂದ. ಗುಂಪಿಗೆ ಒಬ್ಬ ಮುಖ್ಯಸ್ಥ ಇರುತ್ತಾನೆ, ಅವನನ್ನು ಯಾರೂ ದಾಟುವಂತಿಲ್ಲ. ವೇಗ ಮೊದಲೇ ನಿಗದಿ, ಈಗ ಸಾಮಾನ್ಯವಾಗಿ ಗಂಟೆಗೆ 22.5 ಕಿಲೋಮೀಟರ್. ಊಟ, ಚಹಾ ಎಲ್ಲಿ, ಎಷ್ಟು ಹೊತ್ತಿಗೆ ಅನ್ನುವುದೂ ನಿಗದಿ. ಗೆದ್ದವರು ಸೋತವರು ಅಂತ ಇಲ್ಲವೇ ಇಲ್ಲ. ನಮ್ಮ ದೇಶದಲ್ಲಿ ಜಾಸ್ತಿ ನಡೆಯುವುದು ಇನ್ನೊಂದು ಬಗೆ, ಬ್ರೆವೆ. 200 ಕಿಲೋಮೀಟರ್ ಹದಿಮೂರೂವರೆ ಗಂಟೆಯೊಳಗೆ ಮುಗಿಸಬೇಕು, ಅವರವರ ವೇಗ ಅವರವರಿಗೆ. ಅದು ಒಬ್ಬಂಟಿ ಗಟ್ಟಿಗರ ಆಟ. ಅಪ್ಪ, ಮಗಳು, ನಿವೃತ್ತ ಮಾಸ್ತರು ಎಲ್ಲ ಬರುವ ಸವಾರಿಗೆ ಹಳೆಯ ಔಡಾಕ್ಸ್ ಪದ್ಧತಿಯೇ ಸರಿ ಅಂತ ನನ್ನ ಅಭಿಪ್ರಾಯ. ವೇಗ ಮಾತ್ರ 22.5 ಬೇಡ, 12 ಇರಲಿ.

ಅರವತ್ತು ಜನರನ್ನು ಒಂದೇ ಗುಂಪಾಗಿ ಕಳಿಸಬೇಡಿ. ಹತ್ತು ಹತ್ತು ಜನರ ಆರು ಗುಂಪು ಮಾಡಿ, ನಡುವೆ ಎರಡು ನಿಮಿಷ ಬಿಡಿ. ಪ್ರತಿ ಗುಂಪಿಗೆ ಮುಂದೆ ಒಬ್ಬರು, ಹಿಂದೆ ಒಬ್ಬರು. ಹಿಂದೆ ಇರುವವರೇ ನಿಮ್ಮ ಅತ್ಯುತ್ತಮ ಸವಾರ ಆಗಿರಬೇಕು. ಎಲ್ಲರೂ ಮುಂದೆ ಹೋಗಲು ಬಯಸುತ್ತಾರೆ, ಅದಕ್ಕೇ ಈ ಮಾತು ಒತ್ತಿ ಹೇಳುತ್ತಿದ್ದೇನೆ. ಪಂಕ್ಚರ್ ಆದರೆ ಆ ಗುಂಪಿನ ಇಬ್ಬರು ಮಾತ್ರ ನಿಲ್ಲಲಿ, ಉಳಿದವರು ನಡೆಯಲಿ. ಒಂದು ಟ್ಯೂಬು ಬದಲಿಸಲು ಹತ್ತು ನಿಮಿಷ ಹಿಡಿಯಿತು ಅಂದುಕೊಳ್ಳಿ. ಹತ್ತು ಜನ ಸುತ್ತ ನಿಂತು ಸಲಹೆ ಕೊಟ್ಟರೆ ಇಪ್ಪತ್ತು ನಿಮಿಷ ಆಗುತ್ತದೆ. ಪಂಕ್ಚರ್ ಆಗುವುದಂತೂ ಖಾತ್ರಿ, ಜಾಲಿ ಮುಳ್ಳಿರುವ ನಾಡು ನಮ್ಮದು. ಮಣ್ಣಿನ ದಾರಿಗೆ ಇಳಿದು ಶಾರ್ಟ್‌ಕಟ್ ಹುಡುಕುವುದು ಬೇಡ. ಬೆಳಗಿನ ಚಳಿಗೆ ಗಾಲಿಯ ಗಾಳಿಯೂ ಸ್ವಲ್ಪ ಇಳಿದಿರುತ್ತದೆ, ಹೊರಡುವ ಮುಂಚೆ ಒತ್ತಿ ನೋಡಿ.

ತಿರುವುಗಳಲ್ಲಿ ಬೋರ್ಡು ಹಾಕುವುದಕ್ಕಿಂತ ಒಬ್ಬ ಮನುಷ್ಯನನ್ನು ನಿಲ್ಲಿಸುವುದು ಒಳ್ಳೆಯದು. ಮೊದಲ ಗುಂಪಿನವನು ತಿರುವಿನಲ್ಲಿ ಇಳಿದು ನಿಲ್ಲುತ್ತಾನೆ, ಕೊನೆಯ ಗುಂಪಿನ ಬಾಲ ದಾಟಿದ ಮೇಲೆ ಹೊರಡುತ್ತಾನೆ. ಇವನೂ ಚಳಿಯಲ್ಲಿ ನಿಲ್ಲುವವನೇ, ನೆನಪಿಡಿ. ಅವನಿಗೆ ಒಂದು ಜರ್ಕಿನ್ ಜಾಸ್ತಿ ಕೊಡಿ, ಪ್ರತಿ ತಿರುವಿಗೂ ಬೇರೆ ಬೇರೆಯವರನ್ನು ನಿಲ್ಲಿಸಿ.

ಇನ್ನು ಚಹಾ. ಸಣ್ಣ ವಿಷಯ ಅಂತ ನಗಬೇಡಿ. ರಸ್ತೆ ಬದಿಯ ಹೋಟೆಲಿನವನು ಒಂದು ಸಲಕ್ಕೆ ಹತ್ತು ಕಪ್ಪು ಮಾಡುತ್ತಾನೆ ಅಂದುಕೊಳ್ಳಿ. ಅರವತ್ತು ಜನ ಒಟ್ಟಿಗೆ ಹೋಗಿ ನಿಂತರೆ ಕೊನೆಯವನಿಗೆ ಸಿಗುವಷ್ಟರಲ್ಲಿ ಅರ್ಧ ಗಂಟೆ. ಮೊದಲು ಕುಡಿದವನು ಅಷ್ಟರಲ್ಲಿ ನಡುಗುತ್ತಿರುತ್ತಾನೆ. ಹಿಂದಿನ ದಿನವೇ ಹೋಗಿ "ಕಾಕಾ, ನಾಳಿ ಎಂಟಕ್ಕ ಅರವತ್ತ್ ಚಾ ಬೇಕ್ರಿ" ಅಂತ ಹೇಳಿ, ಮುಂಗಡ ಕೊಟ್ಟು ಬನ್ನಿ. ಎರಡು ನಿಮಿಷದ ಅಂತರದಲ್ಲಿ ಗುಂಪುಗಳು ಬಂದರೆ ನೂಕಾಟವೂ ಇಲ್ಲ. ಜೊತೆಗೆ ಶೇಂಗಾ ಚಿಕ್ಕಿ ಕೊಡಿ. ನೀರನ್ನೂ ಕುಡಿಸಿ. ಚಳಿಯಲ್ಲಿ ದಾಹ ಆಗುವುದಿಲ್ಲ, ಆದರೆ ಒಣ ಗಾಳಿಯಲ್ಲಿ ಉಸಿರಿನ ಜೊತೆಗೇ ನೀರು ಹೋಗುತ್ತಿರುತ್ತದೆ.

ಬಟ್ಟೆಯ ಬಗ್ಗೆ ಎರಡು ಮಾತು. ದಪ್ಪ ಸ್ವೆಟರ್ ಒಂದರ ಬದಲು ತೆಳ್ಳಗಿನ ಎರಡು ಮೂರು ಅಂಗಿ ಸಾಕು, ಒಂದೊಂದೇ ಬಿಚ್ಚುತ್ತಾ ಹೋಗಬಹುದು. ಕೈಗವಸು, ಕಿವಿಗೆ ಮಫ್ಲರ್ ಇರಲಿ, ತುದಿ ಮಾತ್ರ ಗಾಲಿಗೆ ಸಿಗದ ಹಾಗೆ ಒಳಗೆ ಸಿಕ್ಕಿಸಬೇಕು. ಇಳಿಜಾರಿಗೆ ಮುಂಚೆ ಎದೆಗೆ ಒಂದು ಪೇಪರ್ ಹಾಳೆ ಸೇರಿಸಿಕೊಳ್ಳಿ. ಫ್ರಾನ್ಸಿನ ಬೆಟ್ಟಗಳಲ್ಲಿ ದೊಡ್ಡ ದೊಡ್ಡ ರೇಸಿನವರೂ ಇದನ್ನೇ ಮಾಡುತ್ತಿದ್ದರು. ದುಡ್ಡು ಖರ್ಚಿಲ್ಲದ ಉಪಾಯ ಇದಕ್ಕಿಂತ ಇನ್ನೊಂದಿಲ್ಲ.

ದಿನ ಆರಿಸುವಾಗ ನಮ್ಮ ಕಡೆಯ ಪಂಚಾಂಗ ನೋಡಿ. ಎಳ್ಳ ಅಮಾವಾಸ್ಯೆಯ ದಿನ ಇಡಬೇಡಿ. ಅವತ್ತು ಊರೆಲ್ಲ ಚರಗ ಚೆಲ್ಲಲು, ಅಂದರೆ ಬೆಳೆಗೆ ನೈವೇದ್ಯ ಕೊಡಲು, ಹೊಲಕ್ಕೆ ಹೋಗಿರುತ್ತದೆ, ನಿಮಗೆ ಒಬ್ಬ ಸ್ವಯಂಸೇವಕನೂ ಸಿಗುವುದಿಲ್ಲ. ಹೊಲದ ಬದಿ ಹಾದವರನ್ನು ಭಜ್ಜಿ, ಅಂಬಲಿ ಕೊಡದೆ ಯಾರೂ ಬಿಡುವುದಿಲ್ಲ, ಅದೊಂದು ಬೇರೆ ನಿಲುಗಡೆ. ಹುಮನಾಬಾದ್ ಕಡೆ ಹೋಗುವವರಿದ್ದರೆ ದತ್ತ ಜಯಂತಿಗೆ ಮಾಣಿಕನಗರದಲ್ಲಿ, ಜನವರಿಯಲ್ಲಿ ವೀರಭದ್ರೇಶ್ವರ ಜಾತ್ರೆಗೆ ರಸ್ತೆ ತುಂಬಿರುತ್ತದೆ ಅನ್ನುವುದು ಗಮನದಲ್ಲಿರಲಿ.

ಹೌದು, ಹುಮನಾಬಾದ್. ಗಟ್ಟಿ ಸವಾರರು ಇಪ್ಪತ್ತು ಕಿಲೋಮೀಟರಿಗೆ ತೃಪ್ತರಾಗುವುದಿಲ್ಲ ಅಂತ ಗೊತ್ತು. ಅವರಿಗೆ ಇನ್ನೊಂದು ಭಾನುವಾರ ಇಡಿ. ಬೀದರಿನಿಂದ ಹುಮನಾಬಾದ್ ಸುಮಾರು 50 ಕಿಲೋಮೀಟರ್. ಚಳಿಗಾಲದಲ್ಲಿ ನಮ್ಮಲ್ಲಿ ಗಾಳಿ ಹೆಚ್ಚಾಗಿ ಪೂರ್ವ, ಈಶಾನ್ಯದ ಕಡೆಯಿಂದ. ಹೋಗುವಾಗ ಬೆನ್ನಿಗೆ ಇರುತ್ತದೆ, ಎಲ್ಲರೂ ತಮ್ಮ ಕಾಲಿನ ಶಕ್ತಿ ಅಂತ ಖುಷಿಪಡುತ್ತಾರೆ. ವಾಪಸ್ ಬರುವಾಗ ಅದೇ ಗಾಳಿ ಎದುರಿಗೆ. ಬೀದರ್–ಕಲಬುರಗಿ ರೈಲು ಮಾರ್ಗ 2017ರಲ್ಲಿ ಪೂರ್ತಿ ತೆರೆದಿದೆ, ಹುಮನಾಬಾದಿನಲ್ಲಿ ನಿಲ್ದಾಣ ಇದೆ. ಸೈಕಲ್ ಒಯ್ಯಲು ಆಗುತ್ತದೆಯೇ, ಯಾವ ಗಾಡಿಗೆ ಅಂತ ಸ್ಟೇಷನ್ನಿನಲ್ಲಿ ಮೊದಲೇ ಕೇಳಿ. ಆಗದಿದ್ದರೆ ಒಂದು ಟೆಂಪೊ ಮಾತಾಡಿ.

ಆ ರಸ್ತೆಯಲ್ಲಿ ನನಗೆ ಹೆದರಿಕೆ ಇರುವುದು ಕಬ್ಬಿನ ಟ್ರ್ಯಾಕ್ಟರ್‌ಗಳದ್ದು. ಕಾರ್ಖಾನೆ ನಡೆಯುವ ಕಾಲ ಇದೇ. ಎರಡೆರಡು ಟ್ರಾಲಿ, ಎಷ್ಟೋ ಸಲ ಹಿಂದೆ ಒಂದು ಕೆಂಪು ದೀಪವೂ ಇರುವುದಿಲ್ಲ. ಡ್ರೈವರ್‌ಗೆ ಹಿಂದಿನದು ಕಾಣುವುದಿಲ್ಲ, ಟೇಪಿನ ಹಾಡಿನಲ್ಲಿ ಬೆಲ್ಲು ಕೇಳಿಸುವುದಿಲ್ಲ. ಅವುಗಳ ಎಡಕ್ಕೆ ನುಗ್ಗಬೇಡಿ. ತೊಗರಿ ಕಟಾವೂ ಈಗಲೇ. ಹಳ್ಳಿಗಳ ಹತ್ತಿರ ಡಾಂಬರಿನ ಮೇಲೆ ರಾಶಿ ಹಾಕಿರುತ್ತಾರೆ. ಹೊಟ್ಟಿನ ಮೇಲೆ ಬ್ರೇಕ್ ಹಿಡಿದರೆ ಗಾಲಿ ಜಾರುತ್ತದೆ. ಇಳಿದು ನೂಕಿಕೊಂಡು ಹೋಗಿ, ರೈತರ ಜೊತೆ ಜಗಳ ಬೇಡ. ಅವರ ವರ್ಷದ ದುಡಿಮೆ ಅದು, ನಮ್ಮದು ಭಾನುವಾರದ ಶೋಕಿ.

ಉಳಿದವು ಬೇಗ ಹೇಳಿಬಿಡುತ್ತೇನೆ. ಪೊಲೀಸ್ ಠಾಣೆಗೆ ದಾರಿ, ಸಮಯ ಬರೆದ ಪತ್ರ ಕೊಟ್ಟು ಅನುಮತಿ ಪಡೆಯಿರಿ. ಕೋಟೆ, ಗುಂಬಜ್‌ಗಳ ಹತ್ತಿರ ಸೈಕಲ್ ಎಲ್ಲಿ ನಿಲ್ಲಿಸಬೇಕು ಅಂತ ಅಲ್ಲಿಯ ಸಿಬ್ಬಂದಿಯನ್ನು ಮೊದಲೇ ಕೇಳಿ. ಇಲ್ಲಿ ವಾಯುಪಡೆಯ ನೆಲೆ ಇದೆ, ಡ್ರೋನ್ ಕ್ಯಾಮೆರಾದವರನ್ನು ಕರೆಯುವ ಆಸೆ ಬಿಡಿ. ಆಸ್ತಮಾ ಇರುವವರಿಗೆ ತಣ್ಣನೆಯ ಗಾಳಿ ತೊಂದರೆ ಕೊಡುತ್ತದೆ, ಇನ್‌ಹೇಲರ್ ಜೇಬಿನಲ್ಲೇ ಇರಲಿ. ಅಪಘಾತವಾದರೆ 108. ಯಾರು ಫೋನ್ ಮಾಡಬೇಕು ಅಂತ ಪ್ರತಿ ಗುಂಪಿನಲ್ಲೂ ಒಬ್ಬರ ಹೆಸರು ಹೇಳಿಡಿ, ಇಲ್ಲದಿದ್ದರೆ ಎಲ್ಲರೂ ವಿಡಿಯೊ ಮಾಡುತ್ತಾ ನಿಲ್ಲುತ್ತಾರೆ.

ಕೊನೆಯ ನಿಲುಗಡೆ ನಾನಕ್ ಝೀರಾ ಅಂದೆ. ಅಷ್ಟೂರಿನಿಂದ ಏರಿ ಬರುವಷ್ಟರಲ್ಲಿ ಎಲ್ಲರೂ ಬೆವರಿರುತ್ತಾರೆ, ಆದ್ದರಿಂದ ಒಣ ಬನಿಯನ್ ಇರುವ ಚೀಲಗಳನ್ನು ಬೆಳಿಗ್ಗೆಯೇ ಒಂದು ಆಟೋದಲ್ಲಿ ಅಲ್ಲಿಗೆ ಕಳಿಸಿ. ಗುರುದ್ವಾರದಲ್ಲಿ ಬಿಸಿ ಲಂಗರ್ ಸಿಗುತ್ತದೆ. ಇಷ್ಟು ಜನ ಬರುತ್ತೇವೆ ಅಂತ ಮೊದಲೇ ತಿಳಿಸುವುದು ಮರ್ಯಾದೆ. ಚಪ್ಪಲಿ ಬಿಟ್ಟು, ತಲೆಗೆ ಬಟ್ಟೆ ಕಟ್ಟಿ ಒಳಗೆ ಹೋಗಬೇಕು. ಊಟವಾದ ಮೇಲೆ ಪಾತ್ರೆ ತೊಳೆಯುವ ಸೇವೆಗೆ ಒಂದು ಗುಂಪು ನಿಂತರೆ ಇನ್ನೂ ಚೆಂದ. ಹೆಸರಿನ ಪಟ್ಟಿ ಹಿಡಿದವರು ಬಾಗಿಲಲ್ಲೇ ಇರಲಿ. ಬಂದವರ ಹೆಸರಿಗೆ ಗುರುತು ಹಾಕುತ್ತಾ ಹೋಗಲಿ, ಗುರುತು ಬೀಳದವರಿಗೆ ಫೋನ್ ಹಚ್ಚಲಿ. ಹೇಳದೆ ಅರ್ಧದಲ್ಲಿ ಮನೆಗೆ ಹೋದವನು ಒಬ್ಬನಾದರೂ ಇದ್ದೇ ಇರುತ್ತಾನೆ.

ನಕ್ಷೆ ಇಲ್ಲಿ ಮೇಜಿನ ಮೇಲಿದೆ. ಪೆನ್ಸಿಲ್ ತಂದಿದ್ದೇನೆ. ಮುಂದೆ ಬನ್ನಿ, ಚಹಾದ ಅಂಗಡಿ ಯಾವುದು ಅಂತ ಗುರುತು ಮಾಡೋಣ.